ವೆಲ್ಡ್ ಮಾಡಿದ ಉಕ್ಕಿನ ಪೈಪಿನಲ್ಲಿ ಉಳಿದ ಒತ್ತಡವನ್ನು ಅಳೆಯುವುದು ಹೇಗೆ?

ಈ ಉಳಿದ ಒತ್ತಡವನ್ನು (ರೆಸಿಡ್ಯುಯಲ್ ಸ್ಟ್ರೆಸ್) ನೇರವಾಗಿ ಅಳೆಯಲಾಗದು. ಉಕ್ಕು ಎಷ್ಟು ಹಿಗ್ಗಿದೆ, ಎಷ್ಟು ಕುಗ್ಗಿದೆ ಎಂದು ಅಳೆದು ಲೆಕ್ಕ ಹಾಕಬೇಕು. ಬೆಸುಗೆ ಆರುವಾಗ ಕುಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಲೋಹ ಬಿಡುವುದಿಲ್ಲ. ಆ ಎಳೆತ ಅಲ್ಲೇ ಉಳಿಯುತ್ತದೆ, ಕೆಲವೊಮ್ಮೆ ಉಕ್ಕು ಶಾಶ್ವತವಾಗಿ ರೂಪಗೆಡತೊಡಗುವ ಮಿತಿಯಾದ ಯೀಲ್ಡ್ ಸ್ಟ್ರೆಂತ್‌ನ ಹತ್ತಿರದವರೆಗೂ.

ಸೈಟಿನಲ್ಲೇ ಅಳೆಯುವುದಾದರೆ ನನ್ನ ಆಯ್ಕೆ ಹೋಲ್ ಡ್ರಿಲ್ಲಿಂಗ್. ಇದಕ್ಕೆ ಎಎಸ್‌ಟಿಎಂ ಇ837 ಎಂಬ ಮಾನಕವಿದೆ. ಬೆಸುಗೆಯ ಪಕ್ಕದಲ್ಲಿ ಹಿಗ್ಗು-ಕುಗ್ಗು ಅಳೆಯುವ ಮೂರು ಸ್ಟ್ರೇನ್ ಗೇಜ್‌ಗಳಿರುವ ರೋಸೆಟ್ ಎಂಬ ಗುಚ್ಛ ಅಂಟಿಸಿ, ನಟ್ಟನಡುವೆ ಸುಮಾರು 2 ಮಿ.ಮೀ. ವ್ಯಾಸದ ರಂಧ್ರವನ್ನು ಹಂತಹಂತವಾಗಿ ಕೊರೆಯುತ್ತಾರೆ. ಪ್ರತಿ ಹಂತದಲ್ಲೂ ಲೋಹ ಸಡಿಲಗೊಂಡು ಗೇಜಿನ ಅಂಕಿ ಬದಲಾಗುತ್ತದೆ. ಆ ಬದಲಾವಣೆಯೇ ಲೆಕ್ಕಕ್ಕೆ ಆಧಾರ. ರಂಧ್ರ ಮಧ್ಯದಿಂದ ಕೂದಲೆಳೆಯಷ್ಟು ಸರಿದರೂ ಉತ್ತರ ಕೆಡುತ್ತದೆ. ದಯವಿಟ್ಟು ಗೇಜ್ ಅಂಟಿಸುವ ಜಾಗಕ್ಕೆ ಗ್ರೈಂಡರ್ ಹಿಡಿಯಬೇಡಿ, ಕೈಯಲ್ಲೇ ಎಮೆರಿ ಕಾಗದದಿಂದ ಹಗುರವಾಗಿ ಉಜ್ಜಿ. ಗ್ರೈಂಡಿಂಗ್ ತಾನೇ ಹೊಸ ಒತ್ತಡವನ್ನು ತುಂಬುತ್ತದೆ, ಆಮೇಲೆ ನೀವು ಅಳೆಯುವುದು ಬೆಸುಗೆಯದ್ದಲ್ಲ. ಒತ್ತಡ ಯೀಲ್ಡ್‌ನ ಸುಮಾರು ಶೇ. 80 ದಾಟಿದರೆ ಈ ವಿಧಾನ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಎಕ್ಸ್‌-ರೇ ಡಿಫ್ರ್ಯಾಕ್ಷನ್, ಅಂದರೆ ಎಕ್ಸ್-ರೇ ಚದುರುವ ಕೋನದಿಂದ ಪರಮಾಣು ಪದರಗಳ ಅಂತರ ಅಳೆಯುವ ವಿಧಾನ, ಪೈಪನ್ನು ಕೊರೆಯುವುದಿಲ್ಲ, ಆದರೆ ಉಕ್ಕಿನ ಮೇಲ್ಮೈಯ ಕೆಲವೇ ಮೈಕ್ರಾನ್‌ಗಳನ್ನು ನೋಡುತ್ತದೆ. ಎಕ್ಸ್-ರೇ ಬದಲು ಬಳಸುವ ನ್ಯೂಟ್ರಾನ್‌ಗಳು ಸೆಂಟಿಮೀಟರ್‌ಗಟ್ಟಲೆ ಒಳಹೋಗುತ್ತವೆ. ಆದರೆ ಅವು ರಿಯಾಕ್ಟರಿನಂಥ ದೊಡ್ಡ ಕೇಂದ್ರಗಳಲ್ಲಷ್ಟೇ ಸಿಗುತ್ತವೆ, ಪೈಪನ್ನೇ ಅಲ್ಲಿಗೆ ಒಯ್ಯಬೇಕು.

ಉದ್ದಕ್ಕೂ ಬೆಸುಗೆಯ ಗೆರೆ (ಸೀಮ್) ಇರುವ ಪೈಪಾದರೆ ಒಂದು ಅಗ್ಗದ ಪರೀಕ್ಷೆಯಿದೆ. ಒಂದು ಉಂಗುರ ಕತ್ತರಿಸಿ, ಅದನ್ನು ಉದ್ದಕ್ಕೆ ಸೀಳಿ, ಮೊದಲಿನ ಮತ್ತು ನಂತರದ ವ್ಯಾಸ ಅಳೆಯಿರಿ. ಬಾಯಿ ತೆರೆದುಕೊಂಡರೆ ಹೊರಮೈಯಲ್ಲಿ ಸುತ್ತಳತೆಯ ದಿಕ್ಕಿನ ಎಳೆತವಿತ್ತು ಎಂದರ್ಥ. ಬೆಸುಗೆಯ ಬುಡದ ಸ್ಥಳೀಯ ಒತ್ತಡ ಮಾತ್ರ ಇದರಿಂದ ಸಿಗುವುದಿಲ್ಲ.