ಒಂದೇ ದಿನದಲ್ಲಿ ಬೀದರ್: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಬೀದರ್‌ನ ಹೊಸ ಬಸ್ ನಿಲ್ದಾಣದ ಹತ್ತಿರ ಹೋಟೆಲ್‌ನಲ್ಲಿ ರೂಮ್ ಮಾಡಿದ್ದೇವೆ. ಜೊತೆಗೆ 70 ದಾಟಿದ ತಂದೆ-ತಾಯಿ, 8 ವರ್ಷದ ಮಗ ಇದ್ದಾರೆ. ನರಸಿಂಹ ಝರಣಿ ಗುಹಾ ದೇವಾಲಯ, ಕೋಟೆ, ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು ಒಂದೇ ದಿನಕ್ಕೆ ಆಗುತ್ತವೆಯೇ? ಬಿದ್ರಿ ಸಾಮಾನೂ ಕೊಳ್ಳಬೇಕು.
– ಓದುಗರು, ಯಾದಗಿರಿ

ಉತ್ತರ: ಆಗುತ್ತವೆ, ಆದರೆ ಝರಣಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ದಿನ ಕೆಡುತ್ತದೆ. ಗುಹೆಯೊಳಗೆ ಸುಮಾರು 300 ಮೀಟರ್ ದೊಡ್ಡವರ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಒದ್ದೆ ಬಟ್ಟೆಯಲ್ಲಿ ಕೋಟೆ ಸುತ್ತಲಾಗದು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ರೂಮಿಗೆ ಮರಳಿ ಸ್ನಾನ ಮಾಡಿ ಮತ್ತೆ ಹೊರಡಿ. ಹೋಟೆಲ್ ಊರಲ್ಲೇ ಇದ್ದುದರ ಲಾಭ ಸಿಗುವುದು ಇಲ್ಲೇ. ನೀರಿನ ಮಟ್ಟ ನೋಡಿ ಒಮ್ಮೊಮ್ಮೆ ಒಳಗೆ ಬಿಡುವುದಿಲ್ಲ, ಹಿಂದಿನ ಸಂಜೆಯೇ ವಿಚಾರಿಸಿ. ಮಗನನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ಹಿರಿಯರು, ಅದರಲ್ಲೂ ಉಸಿರಾಟದ ತೊಂದರೆ ಇದ್ದವರು, ಹೊರಗಿಂದಲೇ ಕೈಮುಗಿಯಲಿ. ಮೊಬೈಲ್ ಅವರ ಕೈಲಿರಲಿ.

ಕೋಟೆ ದೊಡ್ಡದು, ಪೂರ್ತಿ ನಡೆಯುವ ಹಟ ಬೇಡ. ಸೋಲಾ ಖಂಬ ಮಸೀದಿ, ರಂಗೀನ್ ಮಹಲ್ ಎರಡು ಸಾಕು. ರಂಗೀನ್ ಮಹಲ್‌ಗೆ ಬೀಗ ಕಂಡರೆ ಹಿಂತಿರುಗಬೇಡಿ, ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪನ್ನು ನೇರ ನಿಂತು ನೋಡಿದರೆ ಮಂಕು. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಹಸಿರು-ಗುಲಾಬಿ ಹೊಳಪು ಏಳುತ್ತದೆ.

ಅಲ್ಲಿಂದ ಹಳೆ ಊರ ನಡುವಿನ ಕಾವಲು ಗೋಪುರವಾದ ಚೌಬಾರದ ದಾರಿಯಲ್ಲೇ 1472ರ ಮಹಮೂದ್ ಗವಾನ್ ಮದರಸಾ. ಸಿಡಿಮದ್ದು ಸ್ಫೋಟದಲ್ಲಿ ಮುಂಭಾಗದ ಒಂದು ಪಾಲು ಹೋಗಿದೆ. ಉಳಿದ ಮಿನಾರಿನ ಮೇಲೆ ನೀಲಿ-ಹಸಿರು ಟೈಲ್ಸ್ ಇನ್ನೂ ಇವೆ.

ಬಿದ್ರಿ ಅಂಗಡಿಗಳು ಚೌಬಾರದ ಸುತ್ತ. ಬಿದ್ರಿ ಎಂದರೆ ಸತು-ತಾಮ್ರದ ಎರಕಕ್ಕೆ ಬೆಳ್ಳಿ ತಂತಿ ಕೂರಿಸಿದ ಸಾಮಾನು, ಸತು 16 ಪಾಲಿಗೆ ತಾಮ್ರ 1 ಪಾಲು ಎಂಬುದು ಹಳೆಯ ಲೆಕ್ಕ. ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಉಜ್ಜಿದಾಗ ಸತುವಿನ ಮೈ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ತಂತಿ ಕೂರಿಸಿದ ಗೆರೆಯ ಮೇಲೆ ಉಗುರು ಆಡಿಸಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಮನೆಯಲ್ಲಿ ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ತಿಕ್ಕಿದರೆ ಕಪ್ಪು ಬಣ್ಣವೇ ಹೋಗುತ್ತದೆ. ಮೆತ್ತನೆ ಬಟ್ಟೆಗೆ ತುಸು ಕೊಬ್ಬರಿ ಎಣ್ಣೆ ಸಾಕು.

ಊಟದ ನಂತರ ಆಟೋದಲ್ಲಿ ಅಷ್ಟೂರು. ಹೋಗಿ-ಬರುವ ಜೊತೆಗೆ ಕಾಯುವ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳಿ, ಅಲ್ಲಿ ಮರಳಲು ಆಟೋ ಸಿಗುವ ಭರವಸೆಯಿಲ್ಲ. ಬಹಮನಿ ಸುಲ್ತಾನ ಅಹ್ಮದ್ ಶಾನ ಗುಮ್ಮಟದೊಳಗೆ ಕಾಲಿಟ್ಟ ಕೂಡಲೇ ಕತ್ತಲೆ ಕಂಡು ಬಹಳ ಜನ ಹೊರಬರುತ್ತಾರೆ. ಐದು ನಿಮಿಷ ನಿಲ್ಲಿ, ಬಂಗಾರ ಮತ್ತು ಕೆಂಪಿನ ಚಿತ್ತಾರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಫ್ಲ್ಯಾಶ್ ಹಾಕಬೇಡಿ.

ಸಂಜೆಗೆ ಬರೀದ್ ಶಾಹಿ ಗೋರಿಗಳ ತೋಟ, ನಿಮ್ಮ ಹೋಟೆಲ್ ಪಕ್ಕದಲ್ಲೇ. ನಾಲ್ಕೂ ಕಡೆ ತೆರೆದಿರುವ ಅಲಿ ಬರೀದ್ ಗುಮ್ಮಟದ ಬಳಿ ಹಿರಿಯರು ಕೂರಲಿ, ಮಗ ಓಡಾಡಲಿ.