ಪ್ರತಿಕ್ರಿಯೆ: ಮುಖಪುಟದಲ್ಲಿ ಆರು ಫೋಟೊ, ಆದರೂ ಯಾರೂ ಕೈಗೆತ್ತಿಕೊಳ್ಳುತ್ತಿಲ್ಲ

ನಿಮ್ಮ ಹೊಸ ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಆರು ಕಲಾವಿದರ ಫೋಟೊ ಇದ್ದರೂ ಸ್ಟ್ಯಾಂಡಿನಿಂದ ಯಾರೂ ಕೈಗೆತ್ತಿಕೊಳ್ಳುತ್ತಿಲ್ಲ ಎಂದಿದ್ದೀರಿ. ಬಹುಶಃ ಆ ಆರು ಫೋಟೊಗಳೇ ಕಾರಣ. ಕಣ್ಣಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯುವುದಿಲ್ಲ. ಮೊದಲು ಒಬ್ಬ ಕಲಾವಿದರನ್ನಷ್ಟೇ ಉಳಿಸಿ, ಓದುಗರನ್ನೇ ನೇರ ನೋಡುತ್ತಿರುವ ಎದೆಮಟ್ಟದ ಫೋಟೊ ಹಾಕಿ.

ಆಮೇಲೆ ಪತ್ರಿಕೆಯ ಹೆಸರು, ಅದು ಮೇಲಿನ ಎಡ ಮೂಲೆಯಲ್ಲಿರಲಿ. ಸ್ಟ್ಯಾಂಡಿನಲ್ಲಿ ಪತ್ರಿಕೆಗಳು ಒಂದರ ಹಿಂದೊಂದು ಕೂತಿರುತ್ತವೆ, ಎಷ್ಟೋ ಸಲ ಕಾಣುವುದು ಮೇಲ್ಭಾಗ ಇಲ್ಲವೇ ಎಡ ಅಂಚು ಮಾತ್ರ. ಬ್ರಿಟನ್ನಿನ ‘ಕ್ಯೂ’ ಸಂಗೀತ ಪತ್ರಿಕೆಯ ಕೆಂಪು ಚೌಕದೊಳಗಿನ ಬಿಳಿ ಅಕ್ಷರ ಮೇಲಿನ ಎಡ ಮೂಲೆಯಲ್ಲೇ ಇರುತ್ತಿತ್ತು. ಅಷ್ಟು ಕಂಡರೂ ಗುರುತು ಸಿಗುತ್ತಿತ್ತು. ಫೋಟೊದಲ್ಲಿನ ಕಲಾವಿದರ ತಲೆ ಪತ್ರಿಕೆಯ ಹೆಸರನ್ನು ಅರ್ಧ ಮುಚ್ಚುವುದು ‘ರೋಲಿಂಗ್ ಸ್ಟೋನ್’ನಂಥ ಹೆಸರಾದ ಪತ್ರಿಕೆಗೆ ನಡೆಯುತ್ತದೆ, ಹೊಸ ಪತ್ರಿಕೆಗೆ ಖಂಡಿತ ಬೇಡ.

ಉಳಿದ ಐವರ ಹೆಸರು ಎಡಗಡೆ ಸಣ್ಣ ಸಾಲುಗಳಲ್ಲಿ ಬರಲಿ. ಎರಡೇ ಫಾಂಟ್ ಸಾಕು. ಬಣ್ಣ ಯಾವುದೆಂದು ಫೋಟೊ ನೋಡದೆ ಹೇಳಲಾರೆ. ಕಲಾವಿದರ ಬಟ್ಟೆಯಿಂದಲೇ ಒಂದು ಎತ್ತಿಕೊಂಡರೆ ಸಾಮಾನ್ಯವಾಗಿ ಹೊಂದುತ್ತದೆ.

ಕೊನೆಗೆ ಅಂಗೈಯಗಲಕ್ಕೆ ಇಳಿಸಿ ಪ್ರಿಂಟ್ ತೆಗೆದು ದೂರದಿಂದ ನೋಡಿ. ಹೆಸರೂ ಮುಖವೂ ಗುರುತು ಸಿಕ್ಕರೆ ಪ್ರೆಸ್ಸಿಗೆ ಕಳಿಸಿ.