ಬುಡ ಕರಗುತ್ತಿರುವ ಊರು: ಚಿವಿತಾ ದಿ ಬಾನ್ಯೊರೆಜೊ

ಪ್ರಶ್ನೆ: ಅಕ್ಟೋಬರಿನಲ್ಲಿ ರೋಮಿಗೆ ಹೋಗುತ್ತಿದ್ದೇವೆ. ಬಂಡೆಯ ನೆತ್ತಿಯ ಮೇಲಿರುವ ಚಿವಿತಾ ದಿ ಬಾನ್ಯೊರೆಜೊ ಎಂಬ ಊರನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ? ಕಲ್ಲಿನ ಮೇಲೆ ಕಟ್ಟಿದ ಊರು ಕುಸಿಯುತ್ತಿದೆ ಎನ್ನುತ್ತಾರಲ್ಲ, ಏಕೆ? ಜತೆಯಲ್ಲಿ ಮಂಡಿನೋವಿರುವ 70 ವರ್ಷದ ಅಮ್ಮನೂ ಇರುತ್ತಾರೆ.

ಉತ್ತರ: ಮೊದಲು ಕುಸಿತದ ವಿಚಾರ. ಅದು ತಿಳಿದರೆ ಊರಿನ ಉಳಿದ ಕತೆಯೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೇಲಿರುವುದು ಟಫ್, ಅಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ನಮ್ಮ ಕರಾವಳಿಯ ಮುರಕಲ್ಲಿನಂತೆ ಸುಲಭವಾಗಿ ಕಡಿಯಲು ಬರುತ್ತದೆ. ಅದರ ಅಡಿಯಲ್ಲಿರುವುದು ಹಿಂದೊಮ್ಮೆ ಸಮುದ್ರದ ತಳವಾಗಿದ್ದ ಜೇಡಿ. ಮಳೆ ನೀರು ಮತ್ತು ಎರಡು ಬದಿಯ ತೊರೆಗಳು ಜೇಡಿಯನ್ನು ಕೊರೆಯುತ್ತವೆ. ಬುಡ ಸರಿದ ಮೇಲೆ ಟಫ್ ಅಂಚು ಗಾಳಿಯಲ್ಲಿ ನಿಲ್ಲುತ್ತದೆ, ನೆಟ್ಟಗೆ ಸೀಳುತ್ತದೆ, ಮನೆಯಷ್ಟು ದೊಡ್ಡ ತುಂಡಾಗಿ ಕಳಚಿ ಬೀಳುತ್ತದೆ. ಉಕ್ಕಿನ ಸರಳು ತೂರಿಸಿ ಬಂಡೆಯನ್ನು ಬಿಗಿದಿದ್ದಾರೆ. ಆದರೆ ರೋಗವಿರುವುದು ಬಂಡೆಯಲ್ಲಲ್ಲ, ಅದು ಕೂತಿರುವ ಮಣ್ಣಿನಲ್ಲಿ. ಹಾಗಾಗಿ ಇದು ಕುಸಿತವನ್ನು ನಿಧಾನಿಸುವ ಉಪಾಯವೇ ಹೊರತು ನಿಲ್ಲಿಸುವುದಲ್ಲ.

ಊರು ರೋಮನ್ನರಿಗಿಂತ ಮೊದಲು ಈ ಭಾಗದಲ್ಲಿದ್ದ ಎಟ್ರಸ್ಕನ್ನರ ಕಾಲದ್ದು. 1695ರ ಭೂಕಂಪದ ನಂತರ ಬಿಷಪ್ಪರ ಪೀಠವೂ ಊರಾಡಳಿತವೂ ಪಕ್ಕದ ಬಾನ್ಯೊರೆಜೊಗೆ ಹೋದವು, ಜನರೂ ಹಿಂದೆಯೇ ಹೊರಟರು. ಈಗ ವರ್ಷಪೂರ್ತಿ ಇಲ್ಲಿ ವಾಸಿಸುವವರು ಬೆರಳೆಣಿಕೆಯಷ್ಟು. 1257ರಲ್ಲಿ ಫ್ರಾನ್ಸಿಸ್ಕನ್ ಎಂಬ ಕ್ರೈಸ್ತ ಸನ್ಯಾಸಿಗಳ ಸಂಘದ ಮುಖ್ಯಸ್ಥನಾದ ಸಂತ ಬೊನವೆಂಚೂರಾ ಈ ಊರಿನವನು. ಅವನ ಮನೆ ಎಂದು ಹೇಳುವ ಜಾಗದ ಬಹುಭಾಗ ಕಣಿವೆಗೆ ಬಿದ್ದುಹೋಗಿದೆ.

ಒಳಗೆ ಹೋಗುವಾಗ ಸಾಂತಾ ಮರಿಯಾ ಬಾಗಿಲ ಬಳಿ ನಿಂತು ತಲೆಯೆತ್ತಿ ನೋಡಿ: ಕಲ್ಲಿನ ಸಿಂಹಗಳ ಪಂಜದಲ್ಲಿ ಮನುಷ್ಯರ ತಲೆಗಳಿವೆ. ಹತ್ತಿರದ ಒರ್ವಿಯೆತೊ ಪಟ್ಟಣದ ಮೊನಾಲ್ದೆಸ್ಕಿ ಮನೆತನದ ದಬ್ಬಾಳಿಕೆಯ ವಿರುದ್ಧ ಊರವರು ಗೆದ್ದ ಗುರುತು ಅದು. ಬಾಗಿಲು ದಾಟಿದರೆ ಅರಮನೆಯೊಂದರ ಮುಂಗೋಡೆ. ಕಿಟಕಿಗಳು ನೆಟ್ಟಗಿವೆ, ಆದರೆ ಅವುಗಳ ಹಿಂದೆ ಕೋಣೆಯಿಲ್ಲ, ಆಕಾಶವಿದೆ. ಊರಿನ ಕುಸಿತವನ್ನು ಇಷ್ಟು ಹತ್ತಿರದಿಂದ ತೋರಿಸುವ ಜಾಗ ಇನ್ನೊಂದಿಲ್ಲ. ಹೆಚ್ಚಿನವರು ಸೆಲ್ಫಿ ತೆಗೆದು ಮುಂದೆ ಹೋಗುತ್ತಾರೆ. ಸಾನ್ ದೊನಾತೊ ಇಗರ್ಜಿಯ ಚೌಕ, ಭೂಕುಸಿತದ ಪುಟ್ಟ ಮ್ಯೂಸಿಯಂ ಸೇರಿಸಿದರೂ ಊರು ನೋಡಲು ಎರಡು ಗಂಟೆ ಸಾಕು.

ಒಂದು ದಿನದಲ್ಲಿ ಆಗುತ್ತದೆ. ರೋಮಿನಿಂದ ಒರ್ವಿಯೆತೊಗೆ ರೈಲು, ಅಲ್ಲಿಂದ ಬಾನ್ಯೊರೆಜೊಗೆ ಸುಮಾರು 20 ಕಿ.ಮೀ. ಬಸ್ಸು. ಯೋಜನೆ ಕೆಡುವುದು ಈ ಬಸ್ಸಿನಲ್ಲೇ: ದಿನಕ್ಕೆ ಕೆಲವೇ ಓಡುತ್ತವೆ, ಭಾನುವಾರ ನಂಬುವಂತಿಲ್ಲ. ವಾರದ ದಿನ ಆರಿಸಿಕೊಳ್ಳಿ. ಇಳಿದ ಕೂಡಲೇ ವಾಪಸು ಬಸ್ಸಿನ ಹೊತ್ತು ಬರೆದಿಟ್ಟುಕೊಳ್ಳಿ, ಟಿಕೆಟನ್ನು ಹೋಗುವಾಗಲೇ ಎರಡೂ ಕಡೆಗೆ ಕೊಂಡುಬಿಡಿ. ಫಲಕದ ಮೇಲಿನ Bagnoregio ಎಂಬ ಹೆಸರನ್ನು ಅಕ್ಷರ ನೋಡಿ ‘ಬಾಗ್ನೊ’ ಎನ್ನಬೇಡಿ. ‘ಬಾನ್ಯೊರೆಜೊ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಊರಿನ ಪ್ರವೇಶಕ್ಕೂ ಟಿಕೆಟ್ ಇದೆ: 2013ರಲ್ಲಿ ಒಂದೂವರೆ ಯೂರೊ ಇದ್ದದ್ದು ಆಮೇಲೆ 5ಕ್ಕೆ ಏರಿತು.

ಇನ್ನು ಅಮ್ಮನ ಮಂಡಿ. ಊರಿಗಿರುವ ದಾರಿ 1965ರ ಕಾಂಕ್ರೀಟ್ ಕಾಲುಸೇತುವೆ ಒಂದೇ. ಉದ್ದ ಸುಮಾರು 300 ಮೀಟರ್. ಪ್ರವಾಸಿಗಳ ವಾಹನ ಬಿಡುವುದಿಲ್ಲ. ಮೊದಲರ್ಧ ಸಲೀಸು, ಕೊನೆಯ ಏರು ಕಡಿದು, ನೆರಳಿಲ್ಲ, ಗಾಳಿಯೂ ಜೋರು. ಮಂಡಿಗೆ ಹೆಚ್ಚು ಪೆಟ್ಟು ಬೀಳುವುದು ವಾಪಸು ಇಳಿಯುವಾಗ, ಆದ್ದರಿಂದ ಊರುಗೋಲು ಬೇಕೇ ಬೇಕು. ಮಳೆ ಬಂದರೆ ಹತ್ತಿಸಲೇಬೇಡಿ. ಬಾನ್ಯೊರೆಜೊದ ಕೊನೆಯಲ್ಲಿ ಬೆಲ್ವೆದೆರೆ ಎಂಬ ನೋಟದ ಕಟ್ಟೆಯಿದೆ. ಬಸ್ ನಿಲ್ದಾಣದಿಂದ ಅಲ್ಲಿಗೂ ಸ್ವಲ್ಪ ದೂರವಿರುವುದರಿಂದ ಒಳಗಿನ ಪುಟ್ಟ ಬಸ್ಸು ಹಿಡಿಯಿರಿ. ಅಮ್ಮ ಅಲ್ಲೇ ಕೂತರೆ ಇಡೀ ಬಂಡೆ, ಸೇತುವೆ, ಬಿಳಿಚಿದ ಜೇಡಿಯ ಕೊರಕಲುಗಳು ಒಟ್ಟಿಗೆ ಕಾಣುತ್ತವೆ. ಊರು ಅಲ್ಲಿಂದ ಪೂರ್ವಕ್ಕಿದೆ: ಬೆಳಗ್ಗೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಮಧ್ಯಾಹ್ನ ಮೂರರ ಮೇಲೆ ನಿಮ್ಮ ಬೆನ್ನ ಹಿಂದಿನಿಂದ ನೇರ ಟಫ್ ಗೋಡೆಯ ಮೇಲೆ ಬೀಳುತ್ತದೆ. ಫೋಟೊ ತೆಗೆಯುವುದಿದ್ದರೆ ಆಗ.